ಗುರು ನಿಜವೋ ಸುಳ್ಳೋ ಅಂತ ಹುಡುಕುವುದನ್ನು ಬಿಟ್ಟ ಮೇಲೆ

ಒಬ್ಬ ಗುರು, ಅವನನ್ನು ನಂಬಿ ಮನೆ ಬಿಟ್ಟು ಬಂದ ಒಂದಷ್ಟು ಜನ, ಜೊತೆಗೆ ಯಾರಿಗೂ ವಿವರಿಸಲಾಗದ ಏನೋ ಒಂದು. ಇಂಥ ಸಣ್ಣ ಬಜೆಟ್ಟಿನ ಸಿನಿಮಾಗಳನ್ನು ನಾನು ಮೊದಲೆಲ್ಲ ಪತ್ತೇದಾರನ ಹಾಗೆ ನೋಡುತ್ತಿದ್ದೆ. ಗುರು ನಿಜವೋ ಕಳ್ಳನೋ, ಅಷ್ಟೇ ಪ್ರಶ್ನೆ. ಉತ್ತರ ಸಿಗದಿದ್ದರೆ ತಕ್ಷಣ ಫೋನ್ ತೆಗೆದು ಕ್ಲೈಮ್ಯಾಕ್ಸಿನ ಅರ್ಥ ಹುಡುಕುತ್ತಿದ್ದೆ.

ಆ ಅಭ್ಯಾಸ ಬಿಡಿಸಿದ್ದು 2011ರ 'ಸೌಂಡ್ ಆಫ್ ಮೈ ವಾಯ್ಸ್'. ಝಾಲ್ ಬಟ್ಮಾಂಗ್ಲಿಜ್ ಮತ್ತು ಬ್ರಿಟ್ ಮಾರ್ಲಿಂಗ್ ಸೇರಿ ಬರೆದದ್ದು. ನಿರ್ದೇಶನ ಬಟ್ಮಾಂಗ್ಲಿಜ್ ಅವರದು, ಗುರು ಮ್ಯಾಗಿಯ ಪಾತ್ರ ಮಾರ್ಲಿಂಗ್ ಅವರದು. ಲಾಸ್ ಏಂಜಲೀಸ್‌ನ ಒಂದು ಮನೆಯ ನೆಲಮಾಳಿಗೆಯಲ್ಲಿ ಕೂತು, ನಾನು 2054ರಿಂದ ಬಂದವಳು ಅನ್ನುತ್ತಾಳೆ ಮ್ಯಾಗಿ. ಅವಳ ಬಣ್ಣ ಬಯಲು ಮಾಡಲು ಪೀಟರ್, ಲೋರ್ನಾ ಗುಟ್ಟಾಗಿ ಗುಂಪು ಸೇರುತ್ತಾರೆ.

ಒಂದು ದಿನ ನಿಮ್ಮ ಕಾಲದ ಹಾಡು ಹಾಡಿ ಅಂತ ಕೇಳುತ್ತಾರೆ. ಅವಳು ಹಾಡುತ್ತಾಳೆ. ಅದು ನೋಡಿದರೆ 1990ರ ದಶಕದ ಐರಿಷ್ ಬ್ಯಾಂಡ್ ಒಂದರ ಹಾಡು! ಒಬ್ಬ ಗುರುತು ಹಿಡಿದು ಹೇಳಿಯೂ ಬಿಡುತ್ತಾನೆ. ನಮ್ಮ ಕಾಲದಲ್ಲಿ ಅದನ್ನು ಬೇರೆಯವರು ಹಾಡಿ ಹೆಸರು ಮಾಡಿದರು ಅನ್ನುತ್ತಾಳೆ ಅವಳು. ಕೊನೆಗೆ ಗುಂಪಿನಿಂದ ಹೊರಗೆ ಹೋಗುವವನು ಅನುಮಾನ ಪಟ್ಟವನೇ.

ಆ ದೃಶ್ಯವನ್ನು ಮತ್ತೊಮ್ಮೆ ಹಾಕಿ, ಮ್ಯೂಟ್ ಮಾಡಿ, ಮ್ಯಾಗಿಯನ್ನು ಬಿಟ್ಟು ಉಳಿದವರ ಮುಖಗಳನ್ನೇ ನೋಡಿದೆ. ಆ ಹಾಡು ಗೊತ್ತಿದ್ದವರು ಅಲ್ಲಿ ಇನ್ನೂ ಇದ್ದಿರಲೇಬೇಕು, ಅಲ್ವಾ? ಆದರೂ ಸುಮ್ಮನಿದ್ದಾರೆ. ನನಗೆ ಭಯ ಆಗಿದ್ದು ಅದಕ್ಕೆ.

ನಮ್ಮೂರ ಜಾತ್ರೆಯಲ್ಲಿ ಅತ್ತೆಯ ಮೈಮೇಲೆ ದೇವರು ಬರುತ್ತಿತ್ತು. ಜನ ಮಳೆ ಕೇಳುತ್ತಿದ್ದರು, ಮಗಳ ಮದುವೆ ಕೇಳುತ್ತಿದ್ದರು. ಅಜ್ಜಿ ಮಾತ್ರ ಏನೂ ಕೇಳದೆ ಪಕ್ಕದಲ್ಲೇ ನಿಂತು, ಜಾರುತ್ತಿದ್ದ ಅತ್ತೆಯ ಸೆರಗನ್ನು ಮತ್ತೆ ಮತ್ತೆ ಸರಿ ಮಾಡುತ್ತಿದ್ದಳು. ಚಿಕ್ಕಂದಿನಲ್ಲಿ ನೋಡಿದ್ದ ಅಜ್ಜಿಯ ಆ ಕೈ ನೆನಪಾಗಿದ್ದು ಈ ಸಿನಿಮಾ ನೋಡುವಾಗ.

ಈಗ ಟ್ರೇಲರ್ ನೋಡುವುದಿಲ್ಲ. ಫೋನ್ ಬೇರೆ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್, ಪಕ್ಕದಲ್ಲಿ ಒಂದು ನೋಟ್‌ಬುಕ್. ನನಗೇ ಒಂದು ಕ್ಷಣ ನಂಬಿಕೆ ಬಂತು, ಇವರ ಜೊತೆ ಇದ್ದುಬಿಡಬಹುದಿತ್ತು ಅನ್ನಿಸಿತು ಅಂದರೆ ಆ ನಿಮಿಷ ಬರೆದುಕೊಳ್ಳುತ್ತೇನೆ. ಬೇರೆ ಏನೂ ಬರೆಯುವುದಿಲ್ಲ.

2017ರ 'ದಿ ಎಂಡ್‌ಲೆಸ್' ನೋಡಿದ್ದು ಹೀಗೆಯೇ. ಜಸ್ಟಿನ್ ಬೆನ್ಸನ್ ಮತ್ತು ಆರನ್ ಮೂರ್‌ಹೆಡ್ ನಿರ್ದೇಶಿಸಿ, ಅದೇ ಹೆಸರಿನ ಅಣ್ಣತಮ್ಮಂದಿರಾಗಿ ತಾವೇ ನಟಿಸಿದ್ದಾರೆ. ವರ್ಷಗಳ ಹಿಂದೆ ತಪ್ಪಿಸಿಕೊಂಡು ಬಂದ ಒಂದು ಪಂಥದ ಕ್ಯಾಂಪಿಗೆ ಇಬ್ಬರೂ ಮತ್ತೆ ಹೋಗುತ್ತಾರೆ. ತಮ್ಮನಿಗೆ ಅಲ್ಲಿಯ ಊಟದ ನೆನಪು, ಜನರ ನೆನಪು. ಹೊರಗೆ ಸಿಕ್ಕಿದ್ದು ಮನೆ ಕ್ಲೀನ್ ಮಾಡುವ ಕೆಲಸ ಮತ್ತು ಒಂಟಿತನ.

ರಾತ್ರಿ ಬೆಂಕಿಯ ಬೆಳಕಲ್ಲಿ ಹಗ್ಗ ಎಳೆಯುವ ಆಟ ಇದೆ. ಹಗ್ಗದ ಒಂದು ತುದಿ ಆಡುವವನ ಕೈಯಲ್ಲಿ, ಇನ್ನೊಂದು ಮೇಲಕ್ಕೆ ಹೋಗಿ ಕತ್ತಲಲ್ಲಿ ಮಾಯ. ಮೇಲಿಂದ ಯಾರು ಎಳೆಯುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಅಷ್ಟು ಕಡಿಮೆ ಖರ್ಚಲ್ಲಿ ಅಷ್ಟು ಭಯ ಹುಟ್ಟಿಸಿದ ದೃಶ್ಯ ನಾನು ಬೇರೆ ನೋಡಿಲ್ಲ. ಮುಗಿಯುವಷ್ಟರಲ್ಲಿ ನನ್ನ ಎರಡೂ ಕೈ ಮುಷ್ಟಿ ಕಟ್ಟಿದ್ದವು. ನಿಮಿಷ ಬರೆದುಕೊಂಡೆ.

ಆಮೇಲೆ ಗೆಳತಿಗೂ ಅದೇ ಸಿನಿಮಾ ಕೊಟ್ಟು, ಇದೇ ತರ ಗುರುತು ಹಾಕಿಕೋ ಅಂದೆ. ಮನೆ ಬಿಟ್ಟು ಪಿಜಿಯಲ್ಲಿ ಆರು ವರ್ಷ ಒಬ್ಬಳೇ ಇದ್ದವಳು. ಅವಳು ಬರೆದಿದ್ದ ನಿಮಿಷಕ್ಕೆ ಹೋಗಿ ನೋಡಿದರೆ ಕ್ಯಾಂಪಿನವರೆಲ್ಲ ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು.