ಟೇಪ್ ನಿಲ್ಲದೆ ಓಡಿತು: ಸ್ಯಾನ್ ಬ್ಯಾಕಪ್ ಹೊಂದಿಸಿದ ನನ್ನ ಅನುಭವ

ಶುಕ್ರವಾರ ರಾತ್ರಿ 10ಕ್ಕೆ ಶುರುವಾಗುವ ನಮ್ಮ ಪೂರ್ಣ ಬ್ಯಾಕಪ್ ಈಗ ಶನಿವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಮುಗಿಯುತ್ತದೆ. ಮೊದಲು ಅದು ಸೋಮವಾರ ಬೆಳಗಿನವರೆಗೆ ಎಳೆಯುತ್ತಿತ್ತು. ಕೆಲವು ವಾರ ಜನ ಕೆಲಸಕ್ಕೆ ಬಂದು ಕೂತ ಮೇಲೂ ಮುಗಿಯದೆ, ಅರ್ಧದಲ್ಲೇ ನಿಲ್ಲಿಸಬೇಕಾಗುತ್ತಿತ್ತು. ಟೇಪ್ ಡ್ರೈವ್‌ಗಳು ಅವೇ, ಅವನ್ನೂ ಸರ್ವರ್‌ಗಳನ್ನೂ ಸ್ಟೋರೇಜನ್ನೂ ಜೋಡಿಸುವ ಸ್ಯಾನ್ ಜಾಲದ ಸ್ವಿಚ್‌ಗಳು ಅವೇ, ಡಿಸ್ಕ್‌ಗಳೆಲ್ಲ ಒಟ್ಟಿಗಿರುವ ಸ್ಟೋರೇಜ್ ಅರೇಯೂ ಅದೇ. ಈ ಹಳೆಯ ಸಾಮಾನಿನಲ್ಲಿ ಇದು ಸಾಧ್ಯವೇ ಇಲ್ಲ ಎಂದು ಹೇಳಿದವರ ಸಂಖ್ಯೆ ದೊಡ್ಡದಿತ್ತು. ಅವರಲ್ಲಿ ಈ ಕೆಲಸದಲ್ಲಿ ನನಗಿಂತ ಹಿರಿಯರೂ ಇದ್ದರು. ಆದದ್ದು ಹೇಗೆ ಎಂದು ಕೇಳುವವರು ಹೆಚ್ಚಾಗಿರುವುದರಿಂದ ಬರೆಯುತ್ತಿದ್ದೇನೆ. ಝೋನಿಂಗ್ (ಯಾರಿಗೆ ಯಾವ ಸಾಧನ ಕಾಣಬೇಕೆಂದು ಸ್ವಿಚ್‌ನಲ್ಲಿ ಹಂಚುವುದು), ಲನ್ (ಅರೇ ಸರ್ವರ್‌ಗೆ ಒಂದು ಡಿಸ್ಕ್‌ನಂತೆ ಕೊಡುವ ಪಾಲು) ಇಂಥವುಗಳ ಹೆಚ್ಚಿನ ವಿವರಣೆಗೆ ಹೋಗುವುದಿಲ್ಲ. ಅದು ಗೊತ್ತಿರುವವರಿಗಾಗಿಯೇ ಇದು.

ನಮ್ಮಲ್ಲಿರುವುದು ಸುಮಾರು 70 ಟಿಬಿ ದತ್ತಾಂಶ. ನೂರಕ್ಕೂ ಮಿಕ್ಕಿದ ವರ್ಚುವಲ್ ಯಂತ್ರಗಳು, ಎರಡು ದೊಡ್ಡ ಡೇಟಾಬೇಸ್, ಕೋಟಿಗಟ್ಟಲೆ ಸಣ್ಣ ಕಡತಗಳನ್ನು ಹೊತ್ತಿರುವ ಒಂದು ಫೈಲ್ ಸರ್ವರ್. 16 ಗಿಗಾಬಿಟ್ ಫೈಬರ್ ಚಾನೆಲ್ (ಸ್ಯಾನ್‌ನ ವೇಗದ ಸಂಪರ್ಕ) ಸ್ವಿಚ್‌ಗಳು ಮತ್ತು ಎಲ್‌ಟಿಒ-7 ಎಂಬ ಟೇಪ್ ಪೀಳಿಗೆಯ 4 ಡ್ರೈವ್‌ಗಳಿರುವ ಲೈಬ್ರರಿ (ಟೇಪ್‌ಗಳನ್ನು ತಾನೇ ಹಾಕಿ ತೆಗೆಯುವ ಯಂತ್ರ). ಈ ಡ್ರೈವ್ ಸಂಕೋಚನವಿಲ್ಲದೆ ಸೆಕೆಂಡಿಗೆ 300 ಎಂಬಿ ಬರೆಯುತ್ತದೆ. ನಾಲ್ಕೂ ಸೇರಿದರೆ ಗಂಟೆಗೆ 4 ಟಿಬಿಗೂ ಹೆಚ್ಚು. ನಮಗೆ ಸಿಗುತ್ತಿದ್ದುದು ನಾಲ್ಕೂ ಸೇರಿ ಸೆಕೆಂಡಿಗೆ 330ರ ಆಸುಪಾಸು. ಅಂದರೆ ಒಂದು ಡ್ರೈವ್ ಮಾಡಬಹುದಾದ ಕೆಲಸವನ್ನು ನಾಲ್ಕು ಹಂಚಿಕೊಂಡು ಮಾಡುತ್ತಿದ್ದವು.

ಲೈಬ್ರರಿಯ ಬಳಿ ಒಂದು ಗಳಿಗೆ ನಿಂತರೆ ಸಾಕು, ರೋಗ ಕಿವಿಗೇ ಕೇಳುತ್ತಿತ್ತು. ಮೋಟಾರು ಏರುದನಿಯಲ್ಲಿ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಹಿಂದಕ್ಕೆ ಸುತ್ತುತ್ತದೆ, ಮತ್ತೆ ಓಡುತ್ತದೆ. ಬರುವ ದತ್ತಾಂಶ ನಿಧಾನವಾದರೆ ಡ್ರೈವ್ ತನ್ನ ವೇಗವನ್ನು ಒಂದು ಮಿತಿಯವರೆಗೆ ತಗ್ಗಿಸಿಕೊಳ್ಳುತ್ತದೆ. ಅದಕ್ಕಿಂತ ಕೆಳಗಾದರೆ ನಿಂತು ಹಿಂದೆ ಸರಿದು ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ. ವೇಗವೂ ಹೋಗುತ್ತದೆ, ಟೇಪೂ ಸವೆಯುತ್ತದೆ, ಹೆಡ್ಡೂ ಸವೆಯುತ್ತದೆ. ನಮ್ಮಲ್ಲಿ ಕ್ಲೀನಿಂಗ್ ಕಾರ್ಟ್ರಿಜ್ ಬೇಗ ಬೇಗ ಮುಗಿಯುತ್ತಿತ್ತು, ಹೊಸ ಟೇಪ್‌ಗಳಲ್ಲೂ ಬರಹದ ದೋಷಗಳು ಕಾಣಿಸತೊಡಗಿದ್ದವು.

ಇನ್ನು ಹಣದ ವಿಷಯ. ನಮ್ಮ ಮುಂದೆ ಎರಡು ಪ್ರಸ್ತಾವಗಳು ಬಂದವು. ಒಂದು, ಟೇಪನ್ನೇ ಕೈಬಿಟ್ಟು ಡೀಡೂಪ್ ಮಾಡುವ (ಒಂದೇ ದತ್ತಾಂಶ ಮತ್ತೆ ಮತ್ತೆ ಬಂದರೆ ಒಂದೇ ಪ್ರತಿ ಇಡುವ) ಡಿಸ್ಕ್ ಪೆಟ್ಟಿಗೆ ಕೊಳ್ಳುವುದು. ಇನ್ನೊಂದು, ಸ್ವಿಚ್‌ಗಳನ್ನು 32 ಗಿಗಾಬಿಟ್‌ಗೆ ಏರಿಸಿ ಹೊಸ ಲೈಬ್ರರಿ ತರುವುದು. ಎರಡೂ ನಮ್ಮ ವಿಭಾಗದ ಒಂದು ವರ್ಷದ ಖರ್ಚನ್ನು ಮೀರಿದ ಮೊತ್ತಗಳು, ಅದರ ಮೇಲೆ ಪ್ರತಿ ವರ್ಷದ ಸಪೋರ್ಟ್ ಶುಲ್ಕ ಬೇರೆ. ಡೀಡೂಪ್ ಪೆಟ್ಟಿಗೆಯನ್ನು ಕೆಲವು ವಾರ ಪರೀಕ್ಷೆಗೆ ತರಿಸಿಕೊಂಡೆವು. ವರ್ಚುವಲ್ ಯಂತ್ರಗಳಲ್ಲಿ ಅದು ಚೆನ್ನಾಗಿಯೇ ಕುಗ್ಗಿಸಿತು. ಆದರೆ ಎರಡೂ ಡೇಟಾಬೇಸ್‌ಗಳು ಒಳಗೇ ಎನ್‌ಕ್ರಿಪ್ಟ್ ಆಗಿರುವಂಥವು. ಅಲ್ಲಿ ಕುಗ್ಗಿದ್ದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಮಾರುವವರ ಹಾಳೆಯಲ್ಲಿದ್ದ ಅನುಪಾತವನ್ನು ನಂಬಿ ಗಾತ್ರ ಲೆಕ್ಕ ಹಾಕಿದ್ದರೆ ಮೊದಲ ತಿಂಗಳಲ್ಲೇ ಪೆಟ್ಟಿಗೆ ತುಂಬಿಹೋಗುತ್ತಿತ್ತು. 32 ಗಿಗಾಬಿಟ್ ಪ್ರಸ್ತಾವಕ್ಕೆ ನನ್ನ ಉತ್ತರ ಸರಳವಾಗಿತ್ತು: 16 ಗಿಗಾಬಿಟ್ ಪೋರ್ಟ್ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 1600 ಎಂಬಿ ಒಯ್ಯುತ್ತದೆ, ಡ್ರೈವ್‌ಗೆ ಬೇಕಾದದ್ದು 300. ರಸ್ತೆ ಅಗಲವಾಗಿಯೇ ಇದೆ, ಬರುವ ಸರಕೇ ಸಾಲದು.

ನಾನು ಖರ್ಚು ಮಾಡಿಸಿದ್ದು ಇಷ್ಟು: ಎರಡು ಪೋರ್ಟಿನ ಎಚ್‌ಬಿಎ ಕಾರ್ಡ್ (ಸರ್ವರನ್ನು ಸ್ಯಾನ್‌ಗೆ ಸೇರಿಸುವ ಕಾರ್ಡ್) 2, ಒಂದಿಷ್ಟು ಎಸ್‌ಎಫ್‌ಪಿ (ಪೋರ್ಟಿಗೆ ಸಿಕ್ಕಿಸುವ ಬೆಳಕಿನ ಮಾಡ್ಯೂಲ್) ಮತ್ತು ಒಎಂ4 ದರ್ಜೆಯ ಫೈಬರ್ ಕೇಬಲ್, ಸೇವೆಯಿಂದ ತೆಗೆದಿಟ್ಟಿದ್ದ ಒಂದು ಸರ್ವರ್‌ಗೆ 256 ಜಿಬಿ ಮೆಮೊರಿ, ಕೆಲವು ಎನ್‌ವಿಎಂಇ ಡಿಸ್ಕ್ (ತಿರುಗುವ ಭಾಗಗಳಿಲ್ಲದ ಅತಿ ವೇಗದವು). ಎಲ್ಲ ಸೇರಿ ಆ ಪ್ರಸ್ತಾವಗಳಲ್ಲಿ ಚಿಕ್ಕದರ ಇಪ್ಪತ್ತನೇ ಒಂದು ಭಾಗವೂ ಆಗಲಿಲ್ಲ.

ಕೆಲಸ ಶುರು ಮಾಡಿದ್ದು ಅಳತೆಯಿಂದ. ಓದುವುದನ್ನೂ ಬರೆಯುವುದನ್ನೂ ಬೇರೆ ಬೇರೆಯಾಗಿ ಅಳೆಯದವರು ಈ ಸಮಸ್ಯೆಯನ್ನು ಬಿಡಿಸಲಾರರು. ಟೇಪ್‌ನ ವೇಗ ನೋಡಲು ಸೊನ್ನೆಗಳನ್ನು ಬರೆದು ನೋಡುವ ಅಭ್ಯಾಸ ಹಲವರಿಗಿದೆ. ಡ್ರೈವ್ ಆ ಸೊನ್ನೆಗಳನ್ನು ಸಂಕೋಚಿಸಿ ಎರಡು ಪಟ್ಟಿಗೂ ಹೆಚ್ಚಿನ ಅಂಕಿ ತೋರಿಸುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಮೆಮೊರಿಯಲ್ಲಿ ಯಾದೃಚ್ಛಿಕ ದತ್ತಾಂಶದ ಕಡತ ಮಾಡಿಟ್ಟು ಅದನ್ನೇ ಬರೆಯಬೇಕು. ಹಾಗೆ ಬರೆದಾಗ 256 ಕೆಬಿ ಬ್ಲಾಕ್‌ನಲ್ಲಿ ನಾಲ್ಕೂ ಡ್ರೈವ್ 295ರ ಹತ್ತಿರ ನಿಂತವು. 64 ಕೆಬಿ ಬ್ಲಾಕ್‌ನಲ್ಲಿ ಎದ್ದು ಕಾಣುವಷ್ಟು ಕಡಿಮೆ. ಡ್ರೈವ್‌ಗಳು ಗಟ್ಟಿಯಾಗಿವೆ ಎಂಬುದು ಅಲ್ಲಿಗೆ ಖಚಿತವಾಯಿತು.

ಓದುವ ಕಡೆ ನೋಡಿದರೆ ಎಲ್ಲವೂ ಬಯಲಾಯಿತು. ಸರ್ವರ್‌ಗಳೊಳಗಿನ ಏಜೆಂಟ್‌ಗಳು 10 ಗಿಗಾಬಿಟ್ ಲ್ಯಾನ್ ಮೂಲಕ ಕಳಿಸುತ್ತಿದ್ದ ದತ್ತಾಂಶ, ಲೆಕ್ಕಕ್ಕೆ ಎಷ್ಟಾದರೂ ಇರಲಿ, ಕೈಗೆ ಸಿಗುತ್ತಿದ್ದುದು ಅದರ ಮೂರನೇ ಒಂದು ಪಾಲು. ಅದೇ ದತ್ತಾಂಶವಿರುವ ಲನ್‌ನ ಸ್ನ್ಯಾಪ್‌ಶಾಟನ್ನು (ಆ ಕ್ಷಣದ ಸ್ಥಿರ ಪ್ರತಿಯನ್ನು) ಬ್ಯಾಕಪ್ ಸರ್ವರ್‌ಗೆ ಫೈಬರ್ ಚಾನೆಲ್‌ನಲ್ಲಿ ನೇರವಾಗಿ ಕೊಟ್ಟು ಓದಿದಾಗ, ಒಂದು ಧಾರೆಗೆ 180, ನಾಲ್ಕು ಧಾರೆಗಳಿಗೆ 700ರಷ್ಟು, ಎಂಟಕ್ಕೆ 1500 ದಾಟಿತು. ಆ ಕ್ಷಣದಲ್ಲೇ ನನ್ನ ದಾರಿ ನಿಶ್ಚಯವಾಯಿತು. ಸರ್ವರ್‌ಗಳನ್ನೂ ಲ್ಯಾನನ್ನೂ ಬಿಟ್ಟು ಅರೇಯಿಂದ ನೇರವಾಗಿ ಓದುವುದು, ಮಧ್ಯೆ ಮೆಮೊರಿಯಲ್ಲಿ ದೊಡ್ಡ ಬಫರ್ ಇಡುವುದು, ಟೇಪ್‌ಗೆ ಒಂದೇ ಸಮನೆ ಸುರಿಯುವುದು.

ಝೋನಿಂಗ್ ಅನ್ನು ಮೊದಲಿನಿಂದ ಮತ್ತೆ ಮಾಡಿದೆ. ಒಂದು ಝೋನ್‌ನಲ್ಲಿ ಒಂದು ಇನಿಶಿಯೇಟರ್ (ಕೇಳುವ ಸರ್ವರ್ ಪೋರ್ಟ್), ಒಂದು ಟಾರ್ಗೆಟ್ (ಉತ್ತರಿಸುವ ಸಾಧನ), ಅಷ್ಟೇ. ಡಿಸ್ಕ್‌ಗೆ ಒಂದು ಎಚ್‌ಬಿಎ, ಟೇಪ್‌ಗೆ ಇನ್ನೊಂದು. ಎರಡನ್ನೂ ಒಂದೇ ಪೋರ್ಟಿನಲ್ಲಿ ಬೆರೆಸಲೇಬಾರದು. ಡಿಸ್ಕ್ ಕಡೆ ಒಂದು ದಾರಿ ಬಿದ್ದು ಮರುಪ್ರಯತ್ನ, ರೀಸೆಟ್ ಎಂದು ಗದ್ದಲವಾದಾಗ ಅದರ ಪೆಟ್ಟು ಓಡುತ್ತಿರುವ ಟೇಪ್‌ಗೆ ತಾಗುತ್ತದೆ. ಟೇಪ್ ಸಾಧನಗಳನ್ನು ಮಲ್ಟಿಪಾತ್‌ನಿಂದ (ಒಂದೇ ಸಾಧನಕ್ಕೆ ಹಲವು ದಾರಿ ಬಳಸುವ ವ್ಯವಸ್ಥೆಯಿಂದ) ಹೊರಗಿಟ್ಟು, ರೀಬೂಟ್ ಆದಾಗಲೆಲ್ಲ ಬದಲಾಗುವ ಸಾಧನದ ಸಂಖ್ಯೆಯ ಬದಲು ಸೀರಿಯಲ್ ನಂಬರಿಗೆ ಕಟ್ಟಿದ ಹೆಸರುಗಳನ್ನು ಬಳಸಿದೆ. ಹಳೆಯ ಝೋನ್‌ನಲ್ಲಿ ಒಂದು ಮಾನಿಟರಿಂಗ್ ಸರ್ವರ್‌ಗೂ ಟೇಪ್ ಡ್ರೈವ್‌ಗಳು ಕಾಣುತ್ತಿದ್ದವು. ಅದನ್ನು ಮೊದಲ ದಿನವೇ ತೆಗೆದೆ. ರಿವೈಂಡ್ ಆಗುವ ಸಾಧನವನ್ನು ಯಾವ ತಂತ್ರಾಂಶವಾದರೂ ತೆರೆದು ಮುಚ್ಚಿದರೆ ಟೇಪ್ ತನ್ನ ಆರಂಭಕ್ಕೆ ಹೋಗಿ ಕೂರುತ್ತದೆ. ಆಮೇಲೆ ಬರೆದದ್ದು ಹಳೆಯದರ ಮೇಲೆಯೇ ಬೀಳಬಹುದು. ರಿಸರ್ವೇಶನ್ (ಒಬ್ಬರು ಬಳಸುವಾಗ ಇತರರನ್ನು ತಡೆಯುವ ಬೀಗ) ನೋಡಿಕೊಳ್ಳುತ್ತದೆ ಎಂದು ನಂಬಿ ಕೂರುವುದಕ್ಕಿಂತ, ಕಾಣದಂತೆ ಮಾಡುವುದೇ ಲೇಸು.

ವಿಂಡೋಸ್ ಪ್ರಾಕ್ಸಿ (ಬ್ಯಾಕಪ್‌ಗಾಗಿ ಲನ್‌ಗಳನ್ನು ಓದುವ ಸರ್ವರ್) ಇಟ್ಟುಕೊಂಡಿರುವವರಿಗೆ ಒಂದು ಮಾತು. ವರ್ಚುವಲ್ ಯಂತ್ರಗಳ ಲನ್‌ಗಳನ್ನು ಅದಕ್ಕೆ ತೋರಿಸುವ ಮೊದಲು ಆಟೊಮೌಂಟ್ ಬಂದ್ ಮಾಡಿ, ಡಿಸ್ಕ್‌ಪಾರ್ಟ್‌ನಲ್ಲಿ ಸ್ಯಾನ್ ಪಾಲಿಸಿಯನ್ನು ಆಫ್‌ಲೈನ್ ಶೇರ್ಡ್‌ಗೆ ಇಡಿ. ಅರೇ ಅವಕಾಶ ಕೊಟ್ಟರೆ ಓದಲು ಮಾತ್ರ ಎಂದು ಮ್ಯಾಪ್ ಮಾಡಿ. ಯಾರಾದರೂ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಇನಿಶಿಯಲೈಸ್ ಒತ್ತಿದರೆ ಉತ್ಪಾದನೆಯ ಡೇಟಾಸ್ಟೋರೇ ಹೋಗುತ್ತದೆ.

ಮಧ್ಯದಲ್ಲಿ ಸೋತ ಪ್ರಯೋಗಗಳನ್ನು ಹೇಳಲೇಬೇಕು, ಏಕೆಂದರೆ ಬಹಳ ಜನ ಅಲ್ಲಿಯೇ ನಿಂತುಬಿಡುತ್ತಾರೆ. ಮೊದಲನೆಯದು ಮಲ್ಟಿಪ್ಲೆಕ್ಸಿಂಗ್. ಎಂಟು ಧಾರೆಗಳನ್ನು ಒಂದೇ ಟೇಪ್‌ಗೆ ಹೆಣೆದು ಬರೆದಾಗ ಡ್ರೈವ್ ಪೂರ್ತಿ ವೇಗದಲ್ಲಿ ಓಡಿತು, ಎಲ್ಲರೂ ಹಿಗ್ಗಿದರು. ಬಳಿಕ 400 ಜಿಬಿಯ ಒಂದೇ ಒಂದು ಯಂತ್ರವನ್ನು ರಿಸ್ಟೋರ್ ಮಾಡಲು ಹೊರಟರೆ, ಬೇಡದ ಏಳು ಧಾರೆಗಳನ್ನೂ ಓದಿ ಬಿಸಾಡುತ್ತಾ ಡ್ರೈವ್ ಅರ್ಧ ದಿನಕ್ಕೆ ಹತ್ತಿರ ತೆಗೆದುಕೊಂಡಿತು. ರಿಸ್ಟೋರ್ ಹೀಗೆ ತೆವಳುವುದಾದರೆ ಬ್ಯಾಕಪ್‌ನ ವೇಗದಿಂದ ಯಾರಿಗೂ ಉಪಯೋಗವಿಲ್ಲ. ಆ ದಿನವೇ ಅದನ್ನು ನಿಲ್ಲಿಸಿದೆ. ಎರಡನೆಯದು, ಮಾಮೂಲಿ ಡಿಸ್ಕ್‌ಗಳ ಮೇಲೆ ಮೊದಲು ಇಳಿಸಿ ಅಲ್ಲಿಂದ ಟೇಪ್‌ಗೆ ಹೋಗುವ ಪದ್ಧತಿ. ಬರೀ ಬರೆಯುವಾಗ ಚೆನ್ನ, ಬರೀ ಓದುವಾಗ ಚೆನ್ನ. ಎರಡೂ ಒಟ್ಟಿಗೆ ನಡೆದಾಗ ಡಿಸ್ಕ್‌ಗಳ ಹೆಡ್ ಅತ್ತಿತ್ತ ಅಲೆದು ಟೇಪ್ ಮತ್ತೆ ನಿಲ್ಲತೊಡಗಿತು. ಎನ್‌ವಿಎಂಇ ತಂದದ್ದು ಇದಕ್ಕಾಗಿ. ಅದೂ ಚಿಕ್ಕ ಯಂತ್ರಗಳ ಗುಂಪಿಗೆ ಮಾತ್ರ.

ದೊಡ್ಡ ಯಂತ್ರಗಳೂ ಡೇಟಾಬೇಸ್‌ಗಳೂ ಮೆಮೊರಿಯಿಂದ ನೇರ ಟೇಪ್‌ಗೆ ಹೋಗುತ್ತವೆ. ಒಂದೊಂದು ಡ್ರೈವ್‌ಗೆ 40 ಜಿಬಿ ಎಂಬಫರ್ (ದತ್ತಾಂಶವನ್ನು ಮೆಮೊರಿಯಲ್ಲಿ ಕೂಡಿಟ್ಟು ಕೊಡುವ ತಂತ್ರಾಂಶ). ಅದು ಶೇ. 90 ತುಂಬುವವರೆಗೆ ಟೇಪ್ ಅಲುಗುವುದೇ ಇಲ್ಲ. ತುಂಬಿದ ಮೇಲೆ ಓದುವ ಕಡೆ ಎರಡು ನಿಮಿಷ ಪೂರ್ತಿ ನಿಂತುಹೋದರೂ ಡ್ರೈವ್‌ಗೆ ಗೊತ್ತಾಗುವುದಿಲ್ಲ. ಡೇಟಾಬೇಸ್‌ಗಳನ್ನು ಬ್ಯಾಕಪ್ ಸ್ಥಿತಿಗೆ ತಂದು, ಸ್ನ್ಯಾಪ್‌ಶಾಟ್ ತೆಗೆದು, ಕೂಡಲೇ ಬಿಡುಗಡೆ ಮಾಡುತ್ತೇವೆ. ಕೆಲವೇ ಸೆಕೆಂಡಿನ ಕೆಲಸ. ಫೈಲ್ ಸರ್ವರ್ ಅನ್ನು ಕಡತ ಕಡತವಾಗಿ ಓದುವುದನ್ನು ಬಿಟ್ಟು ಇಡೀ ವಾಲ್ಯೂಮನ್ನು ಬ್ಲಾಕ್ ಮಟ್ಟದಲ್ಲಿ ಓದಿದ್ದರಿಂದ, 30 ಎಂಬಿಯಲ್ಲಿ ತೆವಳುತ್ತಿದ್ದದ್ದು ಹತ್ತು ಪಟ್ಟು ಏರಿತು.

ಇಷ್ಟೆಲ್ಲ ಆದ ಮೇಲೂ ರಾತ್ರಿ ಒಂದೂವರೆಯ ಹೊತ್ತಿಗೆ ನಾಲ್ಕೂ ಡ್ರೈವ್ ಒಟ್ಟಿಗೆ ಬಸವಳಿಯುತ್ತಿದ್ದವು. ನನಗೆ ಅತಿ ಹೆಚ್ಚು ನಿದ್ದೆ ಕೆಡಿಸಿದ ಭಾಗ ಇದು. ಬ್ಯಾಕಪ್ ಸರ್ವರ್‌ನಲ್ಲಿ ಏನೂ ಕಾಣದು, ಅರೇಯಲ್ಲಿ ಏನೂ ಕಾಣದು. ಸ್ವಿಚ್‌ನ ಎಣಿಕೆಗಳನ್ನು ಸೊನ್ನೆ ಮಾಡಿ ಹತ್ತು ನಿಮಿಷಕ್ಕೊಮ್ಮೆ ಬರೆದಿಟ್ಟುಕೊಳ್ಳುತ್ತಾ ಹೋದೆ. ಎರಡು ಸ್ವಿಚ್‌ಗಳ ನಡುವಿನ ಐಎಸ್‌ಎಲ್ ಕೊಂಡಿಯಲ್ಲಿ ಬಫರ್ ಕ್ರೆಡಿಟ್ (ಇನ್ನೆಷ್ಟು ಫ್ರೇಮ್, ಅಂದರೆ ದತ್ತಾಂಶದ ತುಂಡು, ಕಳಿಸಬಹುದು ಎಂಬ ಅನುಮತಿ) ಸೊನ್ನೆಯಾಗಿ ಕಾದ ಎಣಿಕೆ ಒಂದೂವರೆಗೆ ಸರಿಯಾಗಿ ಚಿಮ್ಮುತ್ತಿತ್ತು. ಆ ಜಾಡು ಹಿಡಿದು ಹೋದರೆ ಸಿಕ್ಕಿದ್ದು 8 ಗಿಗಾಬಿಟ್ ಎಚ್‌ಬಿಎ ಇದ್ದ ಹಳೆಯ ರಿಪೋರ್ಟಿಂಗ್ ಸರ್ವರ್. ಅದು ಆ ಹೊತ್ತಿಗೆ ದೊಡ್ಡ ದೊಡ್ಡ ಟೇಬಲ್‌ಗಳನ್ನು ಪೂರ್ತಿ ಓದಲು ಶುರು ಮಾಡುತ್ತಿತ್ತು. ಬಂದ ಫ್ರೇಮ್‌ಗಳನ್ನು ಬೇಗ ತೆಗೆದುಕೊಂಡು ಕ್ರೆಡಿಟ್ ಹಿಂದಿರುಗಿಸಲು ಅದರಿಂದ ಆಗುತ್ತಿರಲಿಲ್ಲ. ಐಎಸ್‌ಎಲ್ ಕಟ್ಟಿಕೊಂಡು, ಅದಕ್ಕೆ ಸಂಬಂಧವೇ ಇಲ್ಲದ ನಮ್ಮ ಓದು ಹಿಂದೆ ನಿಲ್ಲುತ್ತಿತ್ತು. ಬ್ಯಾಕಪ್ ಸರ್ವರ್, ಟೇಪ್ ಮತ್ತು ಅರೇಯ ಓದುವ ಪೋರ್ಟ್‌ಗಳನ್ನು ಒಂದೇ ಸ್ವಿಚ್‌ಗೆ ತಂದು, ಬ್ಯಾಕಪ್ ದತ್ತಾಂಶ ಐಎಸ್‌ಎಲ್ ದಾಟದಂತೆ ಮಾಡಿದೆ. ಒಂದೂವರೆಯ ಕುಸಿತ ಅಂದಿಗೆ ಮುಗಿಯಿತು. ಹೊಸ 32 ಗಿಗಾಬಿಟ್ ಸ್ವಿಚ್ ತಂದಿದ್ದರೂ ಆ ಹಳೆಯ ಸರ್ವರ್ ಹಾಗೆಯೇ ಕಟ್ಟಿಹಾಕುತ್ತಿತ್ತು.

ಅದೇ ಎಣಿಕೆಗಳಲ್ಲಿ ಒಂದು ಪೋರ್ಟ್‌ನ ಸಿಆರ್‌ಸಿ ದೋಷಗಳೂ (ದಾರಿಯಲ್ಲಿ ದತ್ತಾಂಶ ಕೆಟ್ಟಿದ್ದರ ಗುರುತು) ಸಿಕ್ಕವು. ಉಳಿದ ಎಸ್‌ಎಫ್‌ಪಿಗಳಲ್ಲಿ ಬರುವ ಬೆಳಕು ಮೈನಸ್ 3 ಡಿಬಿಎಂ ಆಸುಪಾಸು ಇದ್ದರೆ ಇಲ್ಲಿ ಮೈನಸ್ 9. ಕೇಬಲ್‌ನ ಎಲ್‌ಸಿ ತುದಿಯನ್ನು ಕ್ಲೀನಿಂಗ್ ಪೆನ್ನಿನಿಂದ ಒರೆಸಿದ್ದೇ ತಡ, ಸರಿಹೋಯಿತು. ಕೇಬಲ್ ಬದಲಿಸುವವರು ಉದ್ದವನ್ನೂ ನೋಡಿಕೊಳ್ಳಿ: 16 ಗಿಗಾಬಿಟ್‌ಗೆ ಒಎಂ3ಯಲ್ಲಿ 100 ಮೀಟರ್, ಒಎಂ4ರಲ್ಲಿ 125 ಮೀಟರ್. 8 ಗಿಗಾಬಿಟ್‌ನಲ್ಲಿ ನಡೆದ ಹಳೆಯ ಉದ್ದ ಇಲ್ಲಿ ನಡೆಯುವುದಿಲ್ಲ.

ಕುತೂಹಲಕ್ಕೆ 25 ಗಿಗಾಬಿಟ್ ಐಸ್ಕಸಿಯನ್ನೂ (iSCSI, ಮಾಮೂಲಿ ಎತರ್ನೆಟ್ ಮೇಲೆ ಸ್ಟೋರೇಜ್ ತಲುಪುವ ವಿಧಾನ) ಪಕ್ಕದಲ್ಲಿ ಕಟ್ಟಿ ನೋಡಿದೆ. ಲಾಗಿನ್ ಆಗುತ್ತದೆ, ಲನ್ ಕಾಣುತ್ತದೆ, ದೊಡ್ಡ ಓದು ಶುರುವಾದ ಕೂಡಲೇ ನಿಂತುಹೋಗುತ್ತದೆ. ದಾರಿಯ ಒಂದು ಪೋರ್ಟ್‌ನಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ದೊಡ್ಡ ಪ್ಯಾಕೆಟ್‌ಗಳಿಗೆ ಸಾಲದ 1500ರಲ್ಲೇ ಉಳಿದಿತ್ತು. ತುಂಡು ಮಾಡಬೇಡ ಎಂಬ ಸೂಚನೆಯೊಂದಿಗೆ 8972 ಬೈಟ್‌ನ ಪಿಂಗ್ ಕಳಿಸಿದರೆ ಇಂಥದ್ದು ಒಂದೇ ನಿಮಿಷದಲ್ಲಿ ಪತ್ತೆಯಾಗುತ್ತದೆ. ಸರಿಪಡಿಸಿದ ಮೇಲೆ ಸೆಕೆಂಡಿಗೆ 2 ಜಿಬಿ ದಾಟಿತು, ಸಿಪಿಯು ಮಾತ್ರ ಜಾಸ್ತಿ ತಿಂದಿತು. ಹೊಸದಾಗಿ ಕಟ್ಟುವವರು ಇದನ್ನು ಧೈರ್ಯವಾಗಿ ಪರಿಗಣಿಸಬಹುದು. ಎನ್‌ಕ್ರಿಪ್ಶನ್ ಅನ್ನೂ ಎರಡು ರೀತಿ ಪರೀಕ್ಷಿಸಿದೆ. ಡ್ರೈವ್‌ನೊಳಗಿನ ಎಇಎಸ್-256 ವೇಗಕ್ಕೆ ಏನೂ ಮಾಡಲಿಲ್ಲ. ತಂತ್ರಾಂಶದಲ್ಲಿ ಮೊದಲೇ ಎನ್‌ಕ್ರಿಪ್ಟ್ ಮಾಡಿದರೆ ಡ್ರೈವ್‌ಗೆ ಸಂಕೋಚಿಸಲು ಏನೂ ಉಳಿಯದೆ ಟೇಪ್‌ಗಳ ಸಂಖ್ಯೆ ಏರಿತು. ಕೀಲಿಗಳ ಪ್ರತಿ ಬ್ಯಾಕಪ್ ಸರ್ವರ್‌ನ ಹೊರಗೆ ಇರಲೇಬೇಕು.

ಯಾವ ಜಾಬ್‌ನ ಜೊತೆ ಯಾವುದನ್ನು ಜೋಡಿಸಿ ಎಷ್ಟು ಅಂತರದಲ್ಲಿ ಬಿಡಬೇಕು ಎಂದು ಹಿಂದಿನ ವಾರದ ಓದಿನ ವೇಗ ನೋಡಿ ನಿರ್ಧರಿಸುವ ಸ್ಕ್ರಿಪ್ಟ್ ಒಂದಿದೆ. ಕೊನೆಯ ಎರಡು ಗಂಟೆ ಉಳಿತಾಯವಾದದ್ದು ಅದರಿಂದ. ಅದನ್ನೂ ಎಚ್‌ಬಿಎಯ ಕ್ಯೂ ಡೆಪ್ತ್‌ಗೆ (ಒಮ್ಮೆಗೆ ಸಾಲಿನಲ್ಲಿರಬಹುದಾದ ಕೋರಿಕೆಗಳ ಸಂಖ್ಯೆಗೆ) ನಾನಿಟ್ಟ ಅಂಕಿಯನ್ನೂ ಇಲ್ಲಿ ಕೊಡುವುದಿಲ್ಲ. ಬಹಳ ರಾತ್ರಿಗಳ ಸಂಪಾದನೆ ಅದು, ಮೇಲಾಗಿ ಪ್ರತಿ ಅರೇಗೂ ಬೇರೆಯೇ ಆಗುತ್ತದೆ.

ಈಗ ಡ್ರೈವ್‌ಗಳು ಸಂಕೋಚನವೂ ಸೇರಿ ತಲಾ 350ರಷ್ಟು ನುಂಗುತ್ತವೆ. ಕ್ಲೀನಿಂಗ್ ಕಾರ್ಟ್ರಿಜ್ ಖರ್ಚು ಕಾಲು ಭಾಗಕ್ಕೆ ಇಳಿದಿದೆ. ಪ್ರತಿ ತಿಂಗಳು ಒಂದು ವರ್ಚುವಲ್ ಯಂತ್ರವನ್ನೂ ಒಂದು ಡೇಟಾಬೇಸನ್ನೂ ಟೇಪ್‌ನಿಂದ ಎತ್ತಿ, ನಿಲ್ಲಿಸಿ, ಲಾಗಿನ್ ಆಗಿ ನೋಡುತ್ತೇವೆ. 2 ಟಿಬಿಯ ಡೇಟಾಬೇಸ್ ಲಾಗ್ ಸೇರಿಸುವುದೂ ಸೇರಿ 3 ಗಂಟೆಯೊಳಗೆ ಬರುತ್ತದೆ. ಡೀಡೂಪ್ ಪೆಟ್ಟಿಗೆ ತರಲೇಬೇಕು ಎಂದು ವಾದಿಸಿದ್ದ ಸಹೋದ್ಯೋಗಿಯೇ ಈಗ ತಮ್ಮ ಇನ್ನೊಂದು ಕೇಂದ್ರಕ್ಕೆ ಇದನ್ನೇ ಹೊಂದಿಸಿಕೊಡಿ ಎಂದು ಕೇಳಿದ್ದಾರೆ, ಅದರ ಕೆಲಸ ನಡೆಯುತ್ತಿದೆ.

ಆ ಕೇಂದ್ರಕ್ಕೆ ಎಲ್‌ಟಿಒ-9 ಡ್ರೈವ್‌ಗಳು ಬರುತ್ತಿವೆ. ಅವು ಎಲ್‌ಟಿಒ-8ರ ಟೇಪ್ ಓದುತ್ತವೆ, 7ರದನ್ನು ಓದುವುದಿಲ್ಲ. ಆದ್ದರಿಂದ ಹಳೆಯ ಟೇಪ್‌ಗಳ ಅವಧಿ ಮುಗಿಯುವವರೆಗೆ ಕನಿಷ್ಠ ಒಂದು ಎಲ್‌ಟಿಒ-7 ಡ್ರೈವನ್ನು ಸಪೋರ್ಟ್ ಒಪ್ಪಂದದಲ್ಲಿ ಉಳಿಸಿಕೊಳ್ಳಲು ಬರೆದುಕೊಟ್ಟಿದ್ದೇನೆ. ಹೊಸ ಎಲ್‌ಟಿಒ-9 ಟೇಪ್ ಮೊದಲ ಸಲ ಡ್ರೈವ್‌ಗೆ ಹೋದಾಗ ತನ್ನನ್ನು ಸಿದ್ಧಪಡಿಸಿಕೊಳ್ಳಲು ಸರಾಸರಿ 40 ನಿಮಿಷ, ಕೆಲವೊಮ್ಮೆ 2 ಗಂಟೆಯವರೆಗೂ ತೆಗೆದುಕೊಳ್ಳುತ್ತದೆ. ಅದನ್ನು ಶುಕ್ರವಾರ ರಾತ್ರಿಗೆ ಬಿಟ್ಟರೆ ಉಳಿಸಿದ ಸಮಯವೆಲ್ಲ ಅಲ್ಲಿಯೇ ಹೋಗುತ್ತದೆ. ಹೊಸ ಟೇಪ್‌ಗಳನ್ನು ವಾರದ ನಡುವೆ, ಹಗಲಿನಲ್ಲಿ, ಡ್ರೈವ್ ಖಾಲಿ ಇರುವಾಗಲೇ ಒಂದೊಂದಾಗಿ ಹಾಕಿ ತೆಗೆಯುವ ಜಾಬ್ ಈಗಾಗಲೇ ಬರೆದಿಟ್ಟಿದ್ದೇನೆ.