ಸಿಡಿ ಇಲ್ಲ, ಪೆನ್‌ಡ್ರೈವ್ ಹಿಡಿಯಲ್ಲ: ಲ್ಯಾನ್ ಕೇಬಲ್ಲಿನಿಂದ ಲಿನಕ್ಸ್ ಹಾಕಿದ ನನ್ನ ಅನುಭವ

"ಗುಜರಿಗೆ ಹಾಕು ಮಾರಾಯ, ತೂಕಕ್ಕೆ ಎಷ್ಟು ಬರುತ್ತೋ ಅಷ್ಟು." ಆ ಲ್ಯಾಪ್‌ಟಾಪ್ ನೋಡಿದ ನಮ್ಮೂರಿನ ಮೂವರು ಮೆಕ್ಯಾನಿಕ್‌ಗಳೂ ಇದನ್ನೇ ಹೇಳಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಅವರೂ ಓದಲಿ.

ಯಂತ್ರ ನಮ್ಮ ಮೇಷ್ಟ್ರದ್ದು. ಹನ್ನೆರಡು ಇಂಚಿನ ಪುಟ್ಟ ಲ್ಯಾಪ್‌ಟಾಪ್, 2003ರ ಆಸುಪಾಸಿನದು. ಮೊದಲ ತಲೆಮಾರಿನ ಪೆಂಟಿಯಂ ಎಂ ಪ್ರೊಸೆಸರ್, 512 ಎಂಬಿ ರ‍್ಯಾಮ್, 40 ಜಿಬಿಯ ಹಳೇ ಐಡಿಇ ಬಗೆಯ ಡಿಸ್ಕ್. ಸಿಡಿ ಡ್ರೈವ್ ಇದ್ದದ್ದು ಕೆಳಗೆ ಸಿಕ್ಕಿಸುವ ಡಾಕ್‌ನಲ್ಲಿ. ಆ ಡಾಕ್ ಮನೆ ಬದಲಿಸುವಾಗ ಕಳೆದುಹೋಗಿದೆ. ಯಾವುದರಿಂದ ಬೂಟ್ ಆಗಬೇಕು (ಯಂತ್ರ ಶುರುವಾಗಬೇಕು) ಎಂದು ಬಯಾಸ್ ತೋರಿಸುವ ಪಟ್ಟಿಯಲ್ಲಿ ಯುಎಸ್‌ಬಿ ಫ್ಲಾಪಿ ಇದೆ, ಯುಎಸ್‌ಬಿ ಸಿಡಿ ಇದೆ, ಪೆನ್‌ಡ್ರೈವ್ ಮಾತ್ರ ಇಲ್ಲ. ಹೊಸದು ತಗೊಳ್ಳಿ ಮೇಷ್ಟ್ರೇ ಅಂದರೆ, "ಈ ಕೀಬೋರ್ಡ್ ಮೇಲೆ ಇಪ್ಪತ್ತು ವರ್ಷ ಬೆರಳಾಡಿಸಿದ್ದೀನಿ, ನೀನು ಬರೀ ಟೈಪ್ ಆಗೋ ಹಾಗೆ ಮಾಡಿಕೊಡು" ಅಂದರು. ಏಳನೇ ಕ್ಲಾಸಿನಲ್ಲಿ ನನಗೆ ಕನ್ನಡ ಕಲಿಸಿದವರು, ಇಲ್ಲ ಅನ್ನಲು ಬಾಯಿ ಬರಲಿಲ್ಲ.

ವಿಂಡೋಸ್‌ನಂಥದ್ದೇ ಆದ, ಪುಕ್ಕಟೆ ಸಿಗುವ ಲಿನಕ್ಸ್ ಹಾಕಲು ಮೊದಲು ಸುಲಭದ ದಾರಿ ಹಿಡಿದೆ. ಪರಿಚಯದವರೊಬ್ಬರಿಂದ ಯುಎಸ್‌ಬಿ ಸಿಡಿ ಡ್ರೈವ್ ಕೇಳಿ ತಂದೆ. ಒಂದು ಪೋರ್ಟಿನ ಕರೆಂಟು ಅದಕ್ಕೆ ಸಾಲದು, ಎರಡು ಕಾಲಿನ ಕೇಬಲ್ ಬೇಕು. ಅದಕ್ಕೆ 150 ಕೊಟ್ಟೆ. ಮೆನು ಬಂತು, ಎಂಟರ್ ಒತ್ತಿದೆ, ಡ್ರೈವ್ ಗುರ್ ಗುರ್ ಎಂದು ಅಲ್ಲೇ ನಿಂತಿತು. ನಾಲ್ಕು ಸಿಡಿ ಸುಟ್ಟು ನೋಡಿದೆ, ನಾಲ್ಕೂ ಈಗ ನನ್ನ ರಿಪೇರಿ ಅಂಗಡಿಯಲ್ಲಿ ಟೀ ಲೋಟದ ಅಡಿಯಲ್ಲಿವೆ. ಲೆನ್ಸ್ ಸವೆದಿತ್ತು ಅಂತ ಕಾಣುತ್ತದೆ.

ಎರಡನೆಯದು ನಾವೆಲ್ಲ ಮಾಡುವುದೇ. ಡಿಸ್ಕ್ ಬಿಚ್ಚಿ, ಐಡಿಇ-ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿ, ನನ್ನ ಸರ್ವಿಸ್ ಯಂತ್ರದಲ್ಲೇ ಡೆಬಿಯನ್ 12 (ಲಿನಕ್ಸಿನ ಒಂದು ಬಗೆ) ಹಾಕಿ, ಡಿಸ್ಕ್ ವಾಪಸ್ ಕೂರಿಸುವುದು. ಅಡಾಪ್ಟರ್ ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದ್ದು, ಕೊರಿಯರ್ ಸೇರಿ 480 ಇರಬೇಕು. ಇನ್‌ಸ್ಟಾಲ್ ಚೆನ್ನಾಗೇ ಆಯ್ತು. ಲ್ಯಾಪ್‌ಟಾಪಿಗೆ ಹಾಕಿ ಆನ್ ಮಾಡಿದರೆ, ಈ ಕರ್ನಲ್‌ಗೆ (ಲಿನಕ್ಸಿನ ತಿರುಳಿಗೆ) ಬೇಕಾದ ಪಿಎಇ (ಹೆಚ್ಚು ರ‍್ಯಾಮ್ ಬಳಸುವ ಸೌಲಭ್ಯ) ನಿಮ್ಮ ಪ್ರೊಸೆಸರ್‌ನಲ್ಲಿಲ್ಲ ಎಂದು ಒಂದು ಸಾಲು ತೋರಿಸಿ ಕೂತಿತು. ನನ್ನ ಯಂತ್ರದ ಪ್ರೊಸೆಸರ್ ನೋಡಿ ಇನ್‌ಸ್ಟಾಲರ್ 686-ಪಿಎಇ ಕರ್ನಲ್ ಆರಿಸಿಕೊಂಡಿತ್ತು. ತಮಾಷೆ ಏನೆಂದರೆ ಆ ಪೆಂಟಿಯಂ ಎಂ ಒಳಗೆ ಪಿಎಇ ಇದೆ, ಇದೆ ಎಂದು ಹೇಳಿಕೊಳ್ಳುವುದಿಲ್ಲ ಅಷ್ಟೆ. ಬೂಟ್ ಮಾಡಿಸುವ ಗ್ರಬ್‌ನ ಸಾಲಿನ ಕೊನೆಗೆ ಫೋರ್ಸ್‌ಪಿಎಇ ಎಂದು ಸೇರಿಸಿದ್ದರೆ ಬೂಟ್ ಆಗುತ್ತಿತ್ತು. ಇದು ನನಗೆ ಗೊತ್ತಾಗಿದ್ದು ಎರಡು ವಾರ ಆದಮೇಲೆ.

ಆಗ ಮಾಡಿದ್ದೇನು? ಪಿಎಇ ಬೇಡದ ಸಾದಾ 686 ಕರ್ನಲ್ ಹಾಕೋಣ ಎಂದು ಡಿಸ್ಕನ್ನು ಮತ್ತೆ ಬಿಚ್ಚಿದೆ. ರಾತ್ರಿ ಹತ್ತೂವರೆ, ಕಣ್ಣು ಮಂಜು. ಅಗ್ಗದ ಅಡಾಪ್ಟರ್‌ನಲ್ಲಿ ಪಿನ್ ತಡೆಯುವ ಕೀ ಇರುವುದಿಲ್ಲ, ಡಿಸ್ಕಿನ 44 ಪಿನ್ನನ್ನು ಒಂದು ಸಾಲು ಪಕ್ಕಕ್ಕೆ ಸಿಕ್ಕಿಸಿದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಡಿಸ್ಕ್ ಉಳಿಯಿತು, 480 ರೂಪಾಯಿ ಹೋಯಿತು. ಇನ್ನೊಂದು ತರಿಸಿಕೊಡು ಎಂದು ಹೆಂಡತಿ ಹತ್ತಿರ ಕೇಳುವ ಧೈರ್ಯ ಬರಲಿಲ್ಲ.

ಆಮೇಲೆ ಕಣ್ಣಿಗೆ ಬಿದ್ದದ್ದು ಬೂಟ್ ಪಟ್ಟಿಯ ಕೊನೆಯ ಸಾಲು, ನೆಟ್‌ವರ್ಕ್ ಬೂಟ್, ಅಂದರೆ ಲ್ಯಾನ್ ಕೇಬಲ್ಲಿನಲ್ಲಿ ಇನ್ನೊಂದು ಯಂತ್ರದಿಂದ ಫೈಲು ತರಿಸಿಕೊಂಡು ಶುರುವಾಗುವುದು. ಇಷ್ಟು ವರ್ಷ ಅದನ್ನು ಎಲ್ಲ ಯಂತ್ರದಲ್ಲೂ ಡಿಸೇಬಲ್ ಮಾಡುವುದೇ ನನ್ನ ಅಭ್ಯಾಸ. "ಅದೆಲ್ಲ ದೊಡ್ಡ ಆಫೀಸಿನವರ ಸರ್ವರ್ ಆಟ, ನಮ್ಮಂಥವರಿಗಲ್ಲ" ಎಂದ ನನ್ನ ಗೆಳೆಯ.

ಸಾಮಾನು ಹೆಚ್ಚೇನಿಲ್ಲ. ಸರ್ವಿಸ್ ಯಂತ್ರದಲ್ಲಿ ಡಿಎನ್ಎಸ್‌ಮಾಸ್ಕ್ (ಐಪಿ ಅಂದರೆ ನೆಟ್‌ವರ್ಕ್ ವಿಳಾಸವನ್ನೂ ಬೂಟ್ ಫೈಲನ್ನೂ ಹಂಚುವ ಪ್ರೋಗ್ರಾಂ), ಡೆಬಿಯನ್ 12ರ 32 ಬಿಟ್ ನೆಟ್‌ಬೂಟ್ ಕಟ್ಟು (ಹಳೇ ಪ್ರೊಸೆಸರಿಗೆ ಹೊಂದುವ, ನೆಟ್‌ವರ್ಕ್‌ನಿಂದ ಶುರುವಾಗುವ ಇನ್‌ಸ್ಟಾಲರ್) ಬಿಚ್ಚಿಟ್ಟ ಒಂದು ಫೋಲ್ಡರ್, ಒಂದು ಲ್ಯಾನ್ ಕೇಬಲ್. ಕಾನ್ಫಿಗ್ (ಸೆಟ್ಟಿಂಗ್ ಬರೆಯುವ ಫೈಲು) ಏಳೆಂಟು ಸಾಲು, ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವುದೇ. ಅಷ್ಟಕ್ಕೆ ನನಗೆ ಐದು ರಾತ್ರಿ ಹಿಡಿಯಿತು.

ಮೊದಲ ರಾತ್ರಿ ಎರಡನ್ನೂ ಮನೆಯ ರೂಟರಿಗೆ ಚುಚ್ಚಿದೆ. ಪರದೆ ಮೇಲೆ ಪಿಎಕ್ಸ್‌ಇ-ಇ53 ಎಂಬ ನೆಟ್‌ವರ್ಕ್ ಬೂಟಿನ ಎರರ್, ಬೂಟ್ ಫೈಲಿನ ಹೆಸರು ಸಿಗಲಿಲ್ಲ. ನನಗಿಂತ ಮೊದಲೇ ರೂಟರ್ ಐಪಿ ಹಂಚಿಬಿಡುತ್ತಿತ್ತು, ಅದಕ್ಕೆ ಬೂಟ್ ಫೈಲ್ ಎಂದರೇನು ಗೊತ್ತು? ರೂಟರನ್ನು ಮುಟ್ಟದೆ ಎರಡನ್ನೂ ಒಟ್ಟಿಗೆ ಬಾಳಿಸುವ ಒಂದು ಸಾಲು ಡಿಎನ್ಎಸ್‌ಮಾಸ್ಕ್‌ನಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮ್ಯಾನ್ ಪೇಜ್ (ಅದರ ಕೈಪಿಡಿ) ಓದುವವರಿಗೆ ಸಿಗುತ್ತದೆ, ಉಳಿದವರು ಅಂಗಡಿಗೆ ಬಂದು ಟೀ ಕುಡಿಸಲಿ.

ಎರಡನೇ ರಾತ್ರಿ ರೂಟರ್ ಬಿಟ್ಟು ಕೇಬಲ್ಲನ್ನು ನೇರ ಯಂತ್ರದಿಂದ ಯಂತ್ರಕ್ಕೆ ಎಳೆದೆ. ಈ ಸಲ ಇ51, ಐಪಿ ಕೇಳುವ ಡಿಎಚ್‌ಸಿಪಿ ಕರೆಗೆ ಉತ್ತರವೇ ಇಲ್ಲ. ಮೂರನೇ ರಾತ್ರಿಯೂ ಅದೇ. ಕೇಬಲ್ ಬದಲಿಸಿದೆ, ಯಂತ್ರದಿಂದ ಯಂತ್ರಕ್ಕೆಂದೇ ಇರುವ ಕ್ರಾಸ್ ಕೇಬಲ್ ಕ್ರಿಂಪ್ ಮಾಡಿದೆ, ಕಾನ್ಫಿಗ್ ಹತ್ತು ಸಲ ಓದಿದೆ. ಲಾಗ್ ಖಾಲಿ. ಕೊನೆಗೆ ತಲೆಕೆಟ್ಟು ಎರಡೂ ಪರದೆ ಅಕ್ಕಪಕ್ಕ ಇಟ್ಟು ನೋಡುತ್ತ ಕೂತಾಗ ಹೊಳೆಯಿತು. ಲ್ಯಾಪ್‌ಟಾಪ್ ರೀಬೂಟ್ ಆದ ಕೂಡಲೇ ಲ್ಯಾನ್ ದೀಪ ಆರುತ್ತದೆ, ಕೇಬಲ್ ಕಿತ್ತುಕೊಂಡಿತು ಎಂದು ನನ್ನ ಯಂತ್ರದ ನೆಟ್‌ವರ್ಕ್ ಮ್ಯಾನೇಜರ್ ತನ್ನ ಐಪಿಯನ್ನೇ ತೆಗೆದುಹಾಕುತ್ತದೆ. ಲಿಂಕ್ ಮತ್ತೆ ಬಂದು, ಐಪಿ ಕೂತು, ಡಿಎನ್ಎಸ್‌ಮಾಸ್ಕ್ ಕಣ್ಣು ಬಿಡುವಷ್ಟರಲ್ಲಿ ಆ ಕಡೆಯವನು ಕರೆದು ಕರೆದು ಸುಸ್ತಾಗಿ ಮಲಗಿರುತ್ತಾನೆ. ಮರುದಿನ 450 ಕೊಟ್ಟು ಐದು ಪೋರ್ಟಿನ ಸ್ವಿಚ್ ತಂದು ನಡುವೆ ಇಟ್ಟೆ. ಆ ತುದಿಯಲ್ಲಿ ಏನೇ ಆಗಲಿ, ಈ ತುದಿಯ ದೀಪ ಆರುವುದಿಲ್ಲ. ಇಡೀ ಕೆಲಸದಲ್ಲಿ ನಾನು ಸರಿಯಾಗಿ ಖರ್ಚು ಮಾಡಿದ ದುಡ್ಡು ಇದೊಂದೇ.

ಈಗ ಐಪಿ ಸಿಕ್ಕಿತು, ಆಮೇಲೆ ಇ32, ಟಿಎಫ್‌ಟಿಪಿ ಟೈಮೌಟ್, ಅಂದರೆ ಬೂಟ್ ಫೈಲ್ ಬರಲಿಲ್ಲ. ಫೈರ್‌ವಾಲ್‌ನಲ್ಲಿ ಐಪಿ ಕೊಡುವ ಪೋರ್ಟ್ 67 ತೆರೆದಿದ್ದೆ, ಫೈಲ್ ಕೊಡುವ 69 ಮರೆತಿದ್ದೆ. ತೆರೆದ ಮೇಲೆ ಡೆಬಿಯನ್ನಿನ ನೀಲಿ ಮೆನು ಆ ಪುಟ್ಟ ಪರದೆ ಮೇಲೆ ಮೂಡಿತು. ರಾತ್ರಿ ಒಂದೂವರೆಗೆ ಗೆಳೆಯನಿಗೆ ಫೋಟೋ ಕಳಿಸಿದೆ. ಅವನು ಬೆಳಿಗ್ಗೆ ಬರೀ ಹೆಬ್ಬೆರಳು ಹಾಕಿದ.

ಅಲ್ಲಿಗೆ ಮುಗಿಯಲಿಲ್ಲ. ನೆಟ್‌ಬೂಟ್ ಅಂದಮೇಲೆ ಪ್ಯಾಕೇಜುಗಳೆಲ್ಲ ಇಂಟರ್‌ನೆಟ್‌ನಿಂದಲೇ ಬರಬೇಕು. ನನ್ನ ಯಂತ್ರಕ್ಕೆ ಮೊಬೈಲ್ ಹಾಟ್‌ಸ್ಪಾಟ್, ಅಲ್ಲಿಂದ ಮಾಸ್ಕರೇಡ್ ಮಾಡಿ (ಇಂಟರ್‌ನೆಟ್ ಹಂಚಿ) ಕೇಬಲ್ಲಿಗೆ. ಅರುವತ್ತು ಪರ್ಸೆಂಟ್ ಆಗಿತ್ತು, ಮಳೆಗಾಲ, ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಯಾವ ಕಾಲವೋ ಆಗಿದೆ. ಐನೂರೋ ಆರುನೂರೋ ಎಂಬಿ ಡೇಟಾ ನೀರಲ್ಲಿ ಹೋಮ, ಆ ದಿನದ ಪ್ಯಾಕೂ ಮುಗಿಯಿತು.

ಆ ಸಿಟ್ಟಿನಲ್ಲೇ ನನ್ನ ಯಂತ್ರದಲ್ಲಿ ಆಪ್ಟ್-ಕ್ಯಾಚರ್-ಎನ್‌ಜಿ ಎಂಬ ಪ್ರೋಗ್ರಾಂ ಹಾಕಿದೆ. ಇನ್‌ಸ್ಟಾಲರ್ ಪ್ರಾಕ್ಸಿ ಕೇಳುವಾಗ ನನ್ನ ಯಂತ್ರದ ವಿಳಾಸ, ಪೋರ್ಟ್ 3142 ಕೊಟ್ಟರಾಯಿತು, ಒಮ್ಮೆ ಇಳಿದ ಪ್ಯಾಕೇಜ್ ನನ್ನ ಡಿಸ್ಕ್‌ನಲ್ಲೇ ಉಳಿಯುತ್ತದೆ. ಮರುದಿನ ಮಾಡಿದ್ದಕ್ಕೆ ಸುಮಾರು 900 ಎಂಬಿ ಹಿಡಿಯಿತು. ಆಮೇಲೆ ಇದೇ ರೀತಿ ಆರು ಯಂತ್ರ ಮಾಡಿದ್ದೇನೆ, ಒಂದೊಂದಕ್ಕೂ ಹೊಸದಾಗಿ ಇಳಿದದ್ದು ಇಪ್ಪತ್ತು ಮೂವತ್ತು ಎಂಬಿ ಮೀರಿಲ್ಲ. ಪ್ರಶ್ನೆಗಳಿಗೆಲ್ಲ ಮೊದಲೇ ಉತ್ತರ ಬರೆದಿಟ್ಟ ಪ್ರಿಸೀಡ್ ಫೈಲೂ ಮಾಡಿಕೊಂಡಿದ್ದೇನೆ, ಅದೂ ಅಂಗಡಿಯ ಗುಟ್ಟು.

ಇನ್ನೊಂದು ಎಡವಟ್ಟು. ಇನ್‌ಸ್ಟಾಲ್ ಆದ ಮರುದಿನ ಫಾಂಟ್ ಹಾಕಲು ಹೋದರೆ ಆಪ್ಟ್ (ಪ್ಯಾಕೇಜ್ ಇಳಿಸುವ ಪ್ರೋಗ್ರಾಂ) ಒಪ್ಪುತ್ತಿಲ್ಲ, ಪ್ಯಾಕೇಜ್ ಪಟ್ಟಿಯ ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ ಎನ್ನುತ್ತದೆ. ಪ್ಯಾಕೇಜ್ ಕೊಡುವ ಸರ್ವರ್ (ಮಿರರ್) ಬದಲಿಸುತ್ತ ಒಂದು ಗಂಟೆ ಕಳೆದೆ. ನೋಡಿದರೆ ಲ್ಯಾಪ್‌ಟಾಪಿನ ಪ್ರಕಾರ ಅವತ್ತು 2003ರ ಜನವರಿ 1. ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಖಾಲಿ. ವೈರ್ ಇರುವ ಬ್ಯಾಟರಿ ನಮ್ಮೂರಲ್ಲಿ ಸಿಗುವುದಿಲ್ಲ. 40 ರೂಪಾಯಿಯ ಸಾದಾ ಸೆಲ್ಲಿಗೆ ಹಳೆಯ ವೈರ್ ಒತ್ತಿ, ಹೀಟ್ ಶ್ರಿಂಕ್ ಸುತ್ತಿದೆ. ಬೆಸುಗೆ ಹಾಕಬೇಡಿ, ಸೆಲ್ ಕಾದರೆ ಕೆಡುತ್ತದೆ.

ಹಗುರ ಡೆಸ್ಕ್‌ಟಾಪ್ ಎಲ್‌ಎಕ್ಸ್‌ಡಿಇ, ಟೈಪ್ ಮಾಡಲು ಲಿಬ್ರೆ ಆಫೀಸ್ ರೈಟರ್, ಕನ್ನಡಕ್ಕೆ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ (ನುಡಿಯದೇ ವಿನ್ಯಾಸ), ಹಾಗಾಗಿ ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ. ಫಾಂಟು ಗುಬ್ಬಿ, ನವಿಲು. ರೈಟರ್ ತೆರೆಯಲು ಮುಕ್ಕಾಲು ನಿಮಿಷ ಬೇಕು, ಬ್ರೌಸರ್ ತೆರೆಯುವುದೇ ಬೇಡ. ಮೇಷ್ಟ್ರ ಹಳೆಯ ನುಡಿ ಫೈಲುಗಳನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತು ಅಲ್ಲಲ್ಲಿ ಕೆಟ್ಟಿತು, ಅವರೇ ಕೂತು ತಿದ್ದುತ್ತಿದ್ದಾರೆ.

ಕೇಬಲ್ ರುಚಿ ಹತ್ತಿದ ಮೇಲೆ ವಿಂಡೋಸ್ ಎಕ್ಸ್‌ಪಿಯನ್ನೂ ಕೆಣಕಿದೆ. ಒಂದು ಪ್ರೆಸ್ಸಿನವರಿಗೆ ವಿಂಡೋಸ್‌ನಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ಬೇಕಿತ್ತು. ಲಿನಕ್ಸ್‌ನಿಂದ ಎಕ್ಸ್‌ಪಿಯ ಇನ್‌ಸ್ಟಾಲ್ ಫೈಲುಗಳಿರುವ ಐ386 ಫೋಲ್ಡರನ್ನು ಡಾಸ್ ಓದಬಲ್ಲ ಫ್ಯಾಟ್32 ಪಾರ್ಟಿಶನ್ನಿಗೆ ಸುರಿದು, ಮೆಮ್‌ಡಿಸ್ಕ್ ಮೂಲಕ ಡಾಸ್ ಫ್ಲಾಪಿ ಇಮೇಜನ್ನು ನೆಟ್‌ವರ್ಕ್‌ನಿಂದಲೇ ಬೂಟ್ ಮಾಡಿ ವಿನ್‌ಎನ್‌ಟಿ (ಎಕ್ಸ್‌ಪಿಯ ಇನ್‌ಸ್ಟಾಲರ್) ಓಡಿಸಿದೆ. ರಾತ್ರಿ ಶುರುವಾದ ಕಾಪಿ ಬೆಳಿಗ್ಗೆ ಹಾಲಿನವನು ಬಂದರೂ ಓಡುತ್ತಲೇ ಇತ್ತು. ಡಾಸ್‌ನಲ್ಲಿ ಡಿಸ್ಕಿನ ವೇಗ ಹೆಚ್ಚಿಸುವ ಸ್ಮಾರ್ಟ್‌ಡ್ರೈವ್ ಹಾಕದಿದ್ದರೆ ಅಷ್ಟೇ ಗತಿ. ಹಾಕಿದ ಮೇಲೆ ಅರ್ಧ ಗಂಟೆಯೊಳಗೆ ಮುಗಿಯಿತು.

ಲೆಕ್ಕ: ಸುಟ್ಟ ಅಡಾಪ್ಟರ್, ಕೇಬಲ್, ಸ್ವಿಚ್, ಸೆಲ್, ಸಿಡಿ, ಡೇಟಾ ಎಲ್ಲ ಸೇರಿ ಸಾವಿರದ ಇನ್ನೂರರ ಹತ್ತಿರ. ಮೇಷ್ಟ್ರು ಬಲವಂತವಾಗಿ ಐನೂರು ಕೊಟ್ಟರು, ಜೊತೆಗೆ ಒಂದು ಗೊನೆ ಬಾಳೆಹಣ್ಣು. ಉಳಿದ ಆರು ಯಂತ್ರಕ್ಕೆ ತಲಾ 400 ತಗೊಂಡಿದ್ದೇನೆ. ಅದರಲ್ಲಿ ಎರಡು, ಗುಜರಿಗೆ ಹಾಕು ಎಂದಿದ್ದ ಮೆಕ್ಯಾನಿಕ್‌ಗಳಲ್ಲೊಬ್ಬ ಕಳಿಸಿದ್ದು. ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರೇ ಇಲ್ಲ, ಹಾಗಾಗಿ 12ರ ನೆಟ್‌ಬೂಟ್ ಕಟ್ಟನ್ನು, ಕ್ಯಾಶ್ ಫೋಲ್ಡರ್ ಸಮೇತ, ಎರಡು ಡಿಸ್ಕ್‌ನಲ್ಲಿ ಕಾಪಿ ಮಾಡಿಟ್ಟಿದ್ದೇನೆ.

ಈಗ ಮೇಜಿನ ಮೇಲೆ ಒಂದು ಪೆಂಟಿಯಂ 3 ಡೆಸ್ಕ್‌ಟಾಪ್ ಕೂತಿದೆ. ಲ್ಯಾನ್ ಕಾರ್ಡಿನಲ್ಲಿ ಬೂಟ್ ರೋಮ್ (ನೆಟ್‌ವರ್ಕ್ ಬೂಟ್ ಮಾಡಿಸುವ ಚಿಪ್) ಕೂರಿಸುವ ಸಾಕೆಟ್ ಇದೆ, ರೋಮ್ ಇಲ್ಲ. ಫ್ಲಾಪಿ ಡ್ರೈವ್ ಮಾತ್ರ ಬದುಕಿದೆ. ಆ ರೋಮಿನ ಕೆಲಸ ಮಾಡುವ ಐಪಿಎಕ್ಸ್‌ಇ ಬರೆಯಲು ಒಳ್ಳೆಯ ಫ್ಲಾಪಿ ಒಂದು ಬೇಕು, ಇದುವರೆಗೆ ಸಿಕ್ಕ ಒಂಬತ್ತರಲ್ಲೂ ಬೂಷ್ಟು ಹಿಡಿದಿದೆ.