ನಿತ್ಯದ ಓಡಾಟಕ್ಕೆ ಸಿಂಥೆಟಿಕ್ ಆಯಿಲ್: ನಾನು ಆರಿಸಿಕೊಂಡ ಬಗೆ

ಬದಿಯಡ್ಕ ಪೇಟೆಯಿಂದ ನಾಲ್ಕು ಕಿಲೋಮೀಟರು ಒಳಗಿರುವ ನಮ್ಮ ಮನೆಯಲ್ಲಿ ಒಂದು ಸಣ್ಣ ಪೆಟ್ರೋಲ್ ಕಾರು, ಒಂದು ಬೈಕು, ಒಂದು ಸ್ಕೂಟರು ಇವೆ. ಕಾರಿಗೆ ತಂದ ಸಿಂಥೆಟಿಕ್ ಎಂಜಿನ್ ಆಯಿಲ್ ಒಮ್ಮೆ ಒಂದು ಲೀಟರಿನಷ್ಟು ಉಳಿದಿತ್ತು. ಒಳ್ಳೆಯ ಆಯಿಲ್ ಹಾಳಾಗುವುದು ಬೇಡವೆಂದು ಅದನ್ನೇ ಬೈಕಿಗೆ ಹಾಕಿದೆ. ಕೆಲವು ದಿನಗಳ ಬಳಿಕ ಮುಳ್ಳೇರಿಯ ದಾರಿಯ ಏರಿನಲ್ಲಿ ಆಕ್ಸಿಲೇಟರ್ ತಿರುಗಿಸಿದರೆ ಎಂಜಿನ್ನಿನ ಸದ್ದು ಏರುತ್ತಿತ್ತೇ ಹೊರತು ಬೈಕು ಏರುತ್ತಿರಲಿಲ್ಲ. "ಮಾಷ್ಟ್ರೇ, ಕ್ಲಚ್ಚು ಜಾರುತ್ತಾ ಇದೆ. ಯಾವ ಆಯಿಲ್ ಹಾಕಿದ್ದೀರಿ?" ಎಂದು ಮೆಕ್ಯಾನಿಕ್ ಕೇಳಿದಾಗಲೇ ಡಬ್ಬಿಯ ಹಿಂಬದಿಯನ್ನು ಓದುವ ಅಭ್ಯಾಸ ನನಗೆ ಆರಂಭವಾಯಿತು.

ಹೆಚ್ಚಿನ ಬೈಕುಗಳಲ್ಲಿ ಎಂಜಿನ್ನು, ಗೇರು, ಕ್ಲಚ್ಚು ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಇಂಧನ ಉಳಿಸುವುದಕ್ಕಾಗಿ ಕಾರಿನ ಆಯಿಲಿಗೆ ಸೇರಿಸುವ, ಘರ್ಷಣೆ ತಗ್ಗಿಸುವ ರಾಸಾಯನಿಕಗಳು ಕ್ಲಚ್ಚಿನ ಹಿಡಿತವನ್ನೂ ತಗ್ಗಿಸಬಲ್ಲವು. ಆದುದರಿಂದ ಬೈಕಿಗೆ, ಜಾಸೋ ಎಂಬ ಜಪಾನಿನ ಮಾನದಂಡದ 'ಜಾಸೋ ಎಂಎ' ಅಥವಾ 'ಎಂಎ2' ಗುರುತಿರುವ ಆಯಿಲನ್ನೇ ತರುತ್ತೇನೆ. ಗೇರಿಲ್ಲದ ಸ್ಕೂಟರಿನ ಕ್ಲಚ್ಚು ಆಯಿಲಿನಿಂದ ಹೊರಗಿರುವುದರಿಂದ ಅದಕ್ಕೆ ಅದೇ ಮಾನದಂಡದ 'ಎಂಬಿ' ಎಂಬ ವರ್ಗವಿದೆ.

ಡಬ್ಬಿಯ ಮುಂಬದಿಯ 'ಫುಲ್ಲಿ ಸಿಂಥೆಟಿಕ್' ಎಂಬ ಪದ ಮಾತ್ರ ನನ್ನನ್ನು ಬಹಳ ಕಾಲ ಗೊಂದಲಕ್ಕೀಡುಮಾಡಿತ್ತು. ಆಯಿಲಿನ ಬಹುಭಾಗವಾದ ಮೂಲತೈಲವನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ರಾಸಾಯನಿಕವಾಗಿ ಕಟ್ಟಿದ ಪಿಎಒ (ಪಾಲಿಆಲ್ಫಾಓಲಿಫಿನ್) ಎಂಬ ನಾಲ್ಕನೆಯ ಗುಂಪಿಗೆ ಮಾತ್ರವಲ್ಲ, ಕಚ್ಚಾತೈಲವನ್ನೇ ತೀವ್ರವಾಗಿ ಸಂಸ್ಕರಿಸಿ ಪಡೆದ ಮೂರನೆಯ ಗುಂಪಿಗೂ ಆ ಹೆಸರು ಸಲ್ಲುತ್ತದೆ. ಅಮೆರಿಕದಲ್ಲಿ 1999ರಲ್ಲಿ ಜಾಹೀರಾತಿನ ವಿವಾದವೊಂದು ಹೀಗೆಯೇ ತೀರ್ಮಾನವಾಯಿತು. ಅಗ್ಗದ ಸಿಂಥೆಟಿಕ್‌ಗಳು ಸಾಮಾನ್ಯವಾಗಿ ಮೂರನೆಯ ಗುಂಪಿನವು. ನಮ್ಮ ಓಡಾಟಕ್ಕೆ ಅವು ಧಾರಾಳ ಸಾಕೆಂಬುದು ನನ್ನ ದೃಢವಾದ ಅಭಿಪ್ರಾಯ.

ದರ್ಜೆಯ, ಅಂದರೆ ಡಬ್ಬಿಯ ಮೇಲಿನ 5ಡಬ್ಲ್ಯು-30ರಂತಹ ಗುರುತಿನ, ವಿಷಯದಲ್ಲಿಯೂ ಹಣ ಉಳಿಯುತ್ತದೆ. ಡಬ್ಲ್ಯು ಅಕ್ಷರಕ್ಕೆ ಮೊದಲು ಬರುವ ಅಂಕಿ ಚಳಿಯಲ್ಲಿ ಆಯಿಲ್ ಹರಿಯುವ ಬಗೆಯನ್ನೂ, ಅದರ ಬಳಿಕ ಬರುವ ಅಂಕಿ ಬಿಸಿಯಾದ ಎಂಜಿನ್ನಿನಲ್ಲಿ ಅದು ಉಳಿಸಿಕೊಳ್ಳುವ ದಪ್ಪವನ್ನೂ ಸೂಚಿಸುತ್ತವೆ. 5ಡಬ್ಲ್ಯು ಆಯಿಲನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಅಂತಹ ಚಳಿ ನಮ್ಮ ಧನುರ್ಮಾಸದ ಬೆಳಗಿನಲ್ಲಿ ಎಲ್ಲಿಯದು? ಕಾರಿನ ಕೈಪಿಡಿಯಲ್ಲಿ 5ಡಬ್ಲ್ಯು-30 ಎಂದಿರುವಾಗ ಹೆಚ್ಚು ಬೆಲೆಯ 0ಡಬ್ಲ್ಯು ಆಯಿಲನ್ನು ನಾನು ಕೊಳ್ಳುವುದಿಲ್ಲ. ಅದೇ ದರ್ಜೆಯ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ (ಎಪಿಐ) 2020ರಲ್ಲಿ ಜಾರಿಗೆ ತಂದ 'ಎಪಿಐ ಎಸ್‌ಪಿ' ಎಂಬ ಗುಣಮಟ್ಟದ ಗುರುತಿರುವ ಮಧ್ಯಮ ಬೆಲೆಯ ಡಬ್ಬಿಯನ್ನು ಪೆಟ್ರೋಲ್ ಬಂಕಿನಿಂದಲೇ ತರುತ್ತೇನೆ. ಇಂಡಿಯನ್ ಆಯಿಲಿನ ಸರ್ವೋ, ಭಾರತ್ ಪೆಟ್ರೋಲಿಯಂನ ಮ್ಯಾಕ್ ಅಲ್ಲಿಯೇ ಸಿಗುವುದರಿಂದ ನಕಲಿ ಮಾಲಿನ ಭಯ ಕಡಿಮೆ.

ಉಳಿಸಿದ ಹಣವನ್ನು ಆಯಿಲನ್ನು ಸಕಾಲದಲ್ಲಿ ಬದಲಿಸುವುದಕ್ಕೆ ವಿನಿಯೋಗಿಸುತ್ತೇನೆ. ಆಟಿ ತಿಂಗಳ ಮಳೆಯಲ್ಲಿ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಮಾತ್ರ ಓಡಿದ ಕಾರಿನ ಆಯಿಲ್ ಮುಚ್ಚಳವನ್ನು ಒಂದು ದಿನ ತೆರೆದಾಗ, ಅದರ ಒಳಬದಿಯಲ್ಲಿ ಹಾಲಿನ ಕೆನೆಯಂತಹ ಬಿಳಿ ನೊರೆ ಅಂಟಿಕೊಂಡಿತ್ತು. ಎಂಜಿನ್ನು ಪೂರ್ಣ ಬಿಸಿಯೇರುವ ಮೊದಲೇ ನಿಲ್ಲಿಸುತ್ತಿದ್ದುದರಿಂದ ಒಳಗಿನ ತೇವ ಆವಿಯಾಗಿ ಹೋಗುತ್ತಿರಲಿಲ್ಲ. ನೀರು ಬೆರೆಯುವುದಕ್ಕೆ ಬೇರೆ ಕಾರಣವೂ ಇರಬಹುದೆಂದು ಎಂಜಿನ್ನನ್ನು ತಂಪಾಗಿಡುವ ಕೂಲಂಟ್ ದ್ರವದ ಮಟ್ಟವನ್ನು ನೋಡಿದೆ, ಅದು ಇಳಿದಿರಲಿಲ್ಲ. ಕಾಸರಗೋಡಿಗೆ ಒಂದೆರಡು ಬಾರಿ ಹೋಗಿ ಬಂದ ಮೇಲೆ ನೊರೆ ಮಾಯವಾಯಿತು. ಅಂದಿನಿಂದ ಕಿಲೋಮೀಟರು ತುಂಬದಿದ್ದರೂ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ, ಫಿಲ್ಟರ್ ಸಹಿತ ಆಯಿಲ್ ಬದಲಿಸುತ್ತಿದ್ದೇನೆ.